ಆಸೆಗೂ ಕಾಸಿಗೂ ನಡುವೆ ಇದ್ದ ಕೌಂಟರ್

ಚಿಕ್ಕಂದಿನಲ್ಲಿ ಅಮ್ಮ ನನಗೆ ಚೀಟಿ ಬರೆದು ಕೊಟ್ಟು ದಿನಸಿ ಅಂಗಡಿಗೆ ಕಳಿಸುತ್ತಿದ್ದರು. ಎರಡು ಕೆಜಿ ತೊಗರಿಬೇಳೆ, ಒಂದು ಅಚ್ಚು ಬೆಲ್ಲ, ನೂರು ಗ್ರಾಂ ಜೀರಿಗೆ. ಕೌಂಟರಿನ ಆಚೆ ನಿಂತ ಅಂಗಡಿಯವರು ಅದನ್ನು ಓದಿ, ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಚೀಟಿಯಲ್ಲಿ ಇಲ್ಲದ್ದು ಬೇಕೆನಿಸಿದರೆ ಬಾಯಿಬಿಟ್ಟು ಕೇಳಬೇಕಿತ್ತು. ಕೈಗೆ ಏನೂ ಎಟುಕುತ್ತಿರಲಿಲ್ಲ.

ಒಂದು ಕಾಲಕ್ಕೆ ಅಮೆರಿಕದಲ್ಲೂ ಹೀಗೇ ಇತ್ತು. 1916ರಲ್ಲಿ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ 'ಪಿಗ್ಲಿ ವಿಗ್ಲಿ' ಅಂಗಡಿ ತೆರೆದರು. ಗಿರಾಕಿಗಳೇ ಬುಟ್ಟಿ ಹಿಡಿದು ಒಳಗೆ ಓಡಾಡಿ, ಬೇಕಾದ್ದನ್ನು ಎತ್ತಿಕೊಳ್ಳಬಹುದಿತ್ತು. ಕೆಲಸದವರ ಖರ್ಚು ಉಳಿಯಿತು. ಅದರ ಜೊತೆಗೆ ಆಸೆಗೂ ಸಾಮಾನಿಗೂ ನಡುವೆ ಇದ್ದ ಆ ಕೌಂಟರೂ ಹೋಯಿತು. ಇವತ್ತು ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಮಾಡುವ ಜಾಗದ ಪಕ್ಕದಲ್ಲೇ ಚಾಕೊಲೇಟ್ ಜೋಡಿಸಿರುವುದು ಸುಮ್ನೆ ಅಲ್ಲ. ಸಾಲಿನಲ್ಲಿ ನಿಂತ ಆ ಎರಡು ನಿಮಿಷ ನಮ್ಮ ಕಣ್ಣಿಗೆ ಬೇರೆ ಕೆಲಸ ಇರುವುದಿಲ್ಲ.

ಆದರೆ ಕಂಡ ಕೂಡಲೇ ಬೇಕೆನಿಸುವುದು ಯಾಕೆ? ವೋಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆ ಮಾಡುವ ಕೋಶಗಳನ್ನು ವರ್ಷಗಟ್ಟಲೆ ಗಮನಿಸಿದರು. ಮೊದಮೊದಲು ಬಾಯಿಗೆ ಹಣ್ಣಿನ ರಸ ಬಿದ್ದಾಗ ಆ ಕೋಶಗಳು ಚುರುಕಾಗುತ್ತಿದ್ದವು. ಆಮೇಲೆ ಪ್ರತಿ ಸಲವೂ ರಸಕ್ಕೆ ಮುಂಚೆ ಒಂದು ಸೂಚನೆ ಕೊಡುತ್ತಾ ಬಂದರು, ದೀಪ ಹೊತ್ತಿಸಿದ ಹಾಗೆ. ಕೋತಿಗೆ ಅದು ರೂಢಿಯಾದ ಮೇಲೆ ಕೋಶಗಳು ದೀಪ ಕಂಡಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು! ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಮನೆಗೆ ಬರುವ ಪಾರ್ಸೆಲ್‌ಗಳು. ಬರುವವರೆಗೆ ಎಷ್ಟು ಕಾತರ! ಡಬ್ಬಿ ಬಿಚ್ಚಿದ ಮೇಲೆ ಅದು ಎಲ್ಲಿ ಹೋಯಿತು ಅನಿಸುತ್ತದೆ, ಅಲ್ವಾ?

ಆಸೆಗೆ ಕಡಿವಾಣವೂ ಮೆದುಳಿನಲ್ಲೇ ಇದೆ. 2007ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಬ್ರಯಾನ್ ನಟ್ಸನ್ ಮತ್ತು ಜೊತೆಗಾರರು 26 ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಖರೀದಿ ಮಾಡಿಸಿದರು. ಮೊದಲು ವಸ್ತು ತೋರಿಸಿದರು, ಆಮೇಲೆ ಬೆಲೆ. ಇಷ್ಟದ ವಸ್ತು ಕಂಡಾಗ ಖುಷಿಯ ನಿರೀಕ್ಷೆಗೆ ಸಂಬಂಧಪಟ್ಟ ಭಾಗ ಮಿಡಿಯಿತು. ಬೆಲೆ ಜಾಸ್ತಿ ಅನಿಸಿದಾಗ ಇನ್ಸುಲಾ ಎಂಬ ಭಾಗ ಚುರುಕಾಯಿತು. ನೋವು, ಅಸಹ್ಯ ಇಂಥ ಭಾವನೆಗಳಲ್ಲೂ ಇದೇ ಇನ್ಸುಲಾ ಎಚ್ಚರವಾಗುತ್ತದೆ. ಅಂದರೆ ದುಡ್ಡು ಬಿಚ್ಚುವಾಗ ಹೊಟ್ಟೆಯೊಳಗೆ ಚುರ್ ಎನ್ನುವುದು ಜಿಪುಣತನ ಅಲ್ಲ, ಅದು ನಮ್ಮನ್ನು ಕಾಯುವ ಕಾವಲು.

ಕಾರ್ಡ್ ಬಂದ ಮೇಲೆ ಈ ಕಾವಲು ಸಡಿಲವಾಯಿತು. ಡ್ರೇಜನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಂಬಿಎ ವಿದ್ಯಾರ್ಥಿಗಳ ನಡುವೆ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದರು. ಅರ್ಧ ಜನ ನಗದು ಕೊಡಬೇಕು, ಉಳಿದವರು ಕ್ರೆಡಿಟ್ ಕಾರ್ಡ್. ಕಾರ್ಡಿನವರು ಕೂಗಿದ ಬೆಲೆ ಸರಾಸರಿ ನಗದಿನವರ ಎರಡರಷ್ಟಿತ್ತು. 2001ರಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ 2016ರಲ್ಲಿ ಯುಪಿಐ ಬಂತು. ಚಿಲ್ಲರೆಯ ಜಗಳ ತಪ್ಪಿತು, ಹೂವಿನವರಿಗೂ ಸೊಪ್ಪಿನವರಿಗೂ ಅನುಕೂಲವಾಯಿತು. ಅದು ದೊಡ್ಡ ಉಪಕಾರ. ಆದರೆ ನೋಟು ಎಣಿಸಿ ಕೊಟ್ಟು, ತೆಳ್ಳಗಾದ ಪರ್ಸನ್ನು ಜೇಬಿಗೆ ಹಾಕಿಕೊಳ್ಳುವ ಆ ಗಳಿಗೆ ಈಗ ಇಲ್ಲ.

ಆನ್‌ಲೈನ್ ಅಂಗಡಿಗಳ ಆತುರ ಬೇರೆ. 'ಇನ್ನು ಎರಡೇ ಉಳಿದಿವೆ' ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆಯೇ ಬುಟ್ಟಿಗೆ ಏನನ್ನೋ ಸೇರಿಸುವುದು, ಇಂಥ 13 ಬಗೆಯ ಮೋಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ನಿಮಗೆ ಹೀಗಾದರೆ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ನಾನು ಮಾಡಿದ್ದು ಇಷ್ಟೇ, ಹಳೆಯ ಕೌಂಟರನ್ನು ಮನೆಗೆ ವಾಪಸ್ ತಂದೆ. ಆ್ಯಪ್‌ಗಳಲ್ಲಿ ಉಳಿಸಿದ್ದ ಕಾರ್ಡ್ ವಿವರ ಅಳಿಸಿದೆ. ಈಗ ಪ್ರತಿ ಸಲ ಎದ್ದು ಹೋಗಿ ಕಾರ್ಡ್ ಹುಡುಕಬೇಕು, ಹದಿನಾರು ಅಂಕಿ ಒತ್ತಬೇಕು. ಎಷ್ಟೋ ಸಲ ಅಷ್ಟರಲ್ಲೇ ಆಸೆ ಇಳಿದಿರುತ್ತದೆ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ. ಯಾರಿಗೆ ಏನು ಬೇಕೆನಿಸಿದರೂ ತಾರೀಖಿನ ಜೊತೆ ಅಲ್ಲಿ ಬರೆಯಬೇಕು, ಒಂದು ವಾರ ಕಳೆಯುವವರೆಗೆ ಕೊಳ್ಳುವ ಹಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್‌ನಂಥ ತುರ್ತಿನ ಸಾಮಾನಿಗೆ ಮಾತ್ರ ವಿನಾಯಿತಿ.

ಕಳೆದ ತಿಂಗಳು ನಾನು ಬರೆದಿದ್ದ ಏರ್ ಫ್ರೈಯರನ್ನು ನಾನೇ ಹೊಡೆದು ಹಾಕಿದೆ. ಮಗಳು ಬರೆದ ಬ್ಯಾಡ್ಮಿಂಟನ್ ರ‍್ಯಾಕೆಟ್ ಮಾತ್ರ ಮೂರು ವಾರದಿಂದ ಹಾಗೇ ಇದೆ, ಅವಳು ಅದರ ಕೆಳಗೆ ಎರಡು ಸಲ ಗೆರೆ ಎಳೆದಿದ್ದಾಳೆ. ಈ ಶನಿವಾರ ಇಬ್ಬರೂ ಅಂಗಡಿಗೆ ಹೋಗುತ್ತಿದ್ದೇವೆ.