ಒಂದೇ ಶಿಬಿರದ ಜನಕ್ಕೆ ಇಷ್ಟೊಂದು ಲೆಕ್ಕ ಯಾಕೆ?

ಓದುಗರ ಪ್ರಶ್ನೆ: ಮ್ಯಾನ್ಮಾರ್‌ನಿಂದ ಬಾಂಗ್ಲಾದೇಶಕ್ಕೆ ಓಡಿ ಬಂದ ರೋಹಿಂಗ್ಯಾ ನಿರಾಶ್ರಿತರ ಬಗ್ಗೆ ಓದುವಾಗ ಒಂದು ಕಡೆ 9 ಲಕ್ಷ ಅಂತ ಇರುತ್ತೆ, ಇನ್ನೊಂದು ಕಡೆ 11 ಲಕ್ಷ. ಜನ ಶಿಬಿರದಲ್ಲೇ ಇದ್ದಾರೆ ಅಲ್ವಾ? ಎಲ್ಲ ಸಂಸ್ಥೆಗಳೂ ಸೇರಿ ಒಂದ್ಸಲ ಸರಿಯಾಗಿ ಎಣಿಸಿ, ಒಂದೇ ಪಟ್ಟಿ ಇಟ್ಟುಕೊಂಡರೆ ಆಗಲ್ವಾ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕೇಳುವವರ ದನಿಯಲ್ಲಿ ಒಂಚೂರು ಅನುಮಾನವೂ ಇರುತ್ತದೆ, ಯಾರೋ ಲೆಕ್ಕ ಉಬ್ಬಿಸುತ್ತಿದ್ದಾರೆ ಅಂತ. ಕೆಲವೊಮ್ಮೆ ಹಾಗೂ ಆಗುತ್ತದೆ. ಹೆಚ್ಚಿನ ಸಲ ಕಾರಣ ಬೇರೆಯೇ ಇರುತ್ತದೆ. ಏನನ್ನು ಎಣಿಸಬೇಕು, ಯಾವ ಕೆಲಸಕ್ಕೆ ಎಣಿಸಬೇಕು ಅನ್ನುವುದರಲ್ಲಿ ಹತ್ತಾರು ಸಂಸ್ಥೆಗಳು ಒಂದು ಮಾತಿಗೆ ಬರುವುದು ನಿಜಕ್ಕೂ ಕಷ್ಟದ ಕೆಲಸ. ಇನ್ನು ‘ಒಂದೇ ಪಟ್ಟಿ’ ಅನ್ನುವ ಮಾತಿಗೆ ನನ್ನ ಉತ್ತರ, ಬೇಡ. ಯಾಕೆ ಬೇಡ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಾನೇ ಕಂಡ ಒಂದು ಸಣ್ಣ ಸಂಗತಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಊರುಗಳು ಮುಳುಗಿದವು. ಆಗ ಒಂದು ಶಾಲೆಯ ಪರಿಹಾರ ಕೇಂದ್ರದಲ್ಲಿ ಕೆಲವು ದಿನ ಕೈಜೋಡಿಸಲು ಹೋಗಿದ್ದೆ. ಈಗ ನಾವು ಕಾಳಜಿ ಕೇಂದ್ರ ಅನ್ನುತ್ತೇವಲ್ಲ, ಅದೇ. ಬೆಂಚುಗಳನ್ನು ಗೋಡೆ ಪಕ್ಕ ಒಂದರ ಮೇಲೊಂದು ಪೇರಿಸಿ, ನೆಲಕ್ಕೆ ಜಮಖಾನ ಹಾಸಿದ್ದರು. ನಾನು ರಿಜಿಸ್ಟರ್ ಹಿಡಿದು ಒಬ್ಬ ಅಜ್ಜಿಯ ಮುಂದೆ ಕೂತೆ. “ಆಯಿ, ನಿಮ್ಮ ಮನಿಯಾಗ ಎಷ್ಟು ಮಂದಿ?” ಅಂದೆ.

“ಮನಿ ಒಂದ. ಒಲಿ ಮೂರ,” ಅಂದರು. ಆಮೇಲೆ ಬೆರಳು ಮಡಚುತ್ತಾ ಎಣಿಸಿ ಹನ್ನೊಂದು ಅಂದರು. ಅದರಲ್ಲಿ ಇಬ್ಬರು ಕೇಂದ್ರದಲ್ಲಿ ಇರಲಿಲ್ಲ. ದನ ಕಾಯಲು ಎತ್ತರದ ಜಾಗದಲ್ಲಿ ಉಳಿದಿದ್ದರು, ಊಟಕ್ಕೆ ಮಾತ್ರ ಬರುತ್ತಿದ್ದರು.

ನಾನು ಮೂರು ಕುಟುಂಬ, ಹನ್ನೊಂದು ಜನ ಅಂತ ಬರೆದುಕೊಂಡೆ. ಬೆಳಿಗ್ಗೆ ಬಂದವರು ಒಂದು ಕುಟುಂಬ ಅಂತ ಬರೆದಿದ್ದರು. ರಾತ್ರಿ ಮಲಗಿದವರ ತಲೆ ಎಣಿಸಿದವರ ಹತ್ತಿರ ಒಂಬತ್ತು ಜನ ಇತ್ತು. ಯಾರದೂ ಸುಳ್ಳಲ್ಲ. ಆದರೆ ಅಕ್ಕಿ, ಬೇಳೆ, ಸೋಪು ಇರುವ ಕಿಟ್ಟು ಕೊಡುತ್ತಿದ್ದದ್ದು ಕುಟುಂಬಕ್ಕೆ ಒಂದರಂತೆ. ಅಂದರೆ ಯಾರ ರಿಜಿಸ್ಟರ್ ಮೇಲೆ ಕಿಟ್ಟು ಬರುತ್ತದೋ ಅದರ ಮೇಲೆ ಅವರಿಗೆ ಒಂದು ಸಿಗುತ್ತದೋ ಮೂರೋ ಅಂತ ತೀರ್ಮಾನ. ನಾನು ಏಳುವಾಗ ಅಜ್ಜಿ, “ಮುಂಜಾನಿಂದ ನೀ ಮೂರನೇದಾಂವ. ಬರಕೊಂಡ ಹ್ವಾದವರು ಯಾರೂ ತಿರುಗಿ ಬಂದಿಲ್ಲ ನೋಡಪಾ,” ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ಒಂದು ಕೋಣೆಯ ಗೊಂದಲವನ್ನು ಈಗ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ ಹಿಗ್ಗಿಸಿ ನೋಡಿ. 2017ರ ಆಗಸ್ಟ್ 25ರಿಂದ ಮ್ಯಾನ್ಮಾರ್‌ನ ರಖೈನ್ ರಾಜ್ಯದಲ್ಲಿ ಸೇನೆಯ ದಾಳಿ ಶುರುವಾಯಿತು. ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಗಡಿ ದಾಟಿದರು. 1978ರಲ್ಲಿ, 1991-92ರಲ್ಲಿ ಹೀಗೇ ಓಡಿ ಬಂದವರಲ್ಲಿ ಎಷ್ಟೋ ಮಂದಿ ಮೊದಲೇ ಅಲ್ಲಿದ್ದರು. ಕುಟುಪಾಲಂಗ್, ಬಾಲೂಖಾಲಿ ಸುತ್ತಲಿನ ಗುಡ್ಡದ ಕಾಡು ಕಡಿದು, ಬಿದಿರು ನೆಟ್ಟು, ಟಾರ್ಪಾಲು ಹೊದಿಸಿದರು. ಹಾಗೆ ಎದ್ದು ನಿಂತದ್ದು ಜಗತ್ತಿನ ಅತಿ ದೊಡ್ಡ ನಿರಾಶ್ರಿತರ ವಸತಿ. ಆಗ ಅಲ್ಲಿ ರಸ್ತೆಗೆ ಹೆಸರಿರಲಿಲ್ಲ, ಮನೆಗೆ ನಂಬರಿರಲಿಲ್ಲ. ಇವತ್ತು ಈ ಗುಡ್ಡದಲ್ಲಿದ್ದವರು ನಾಳೆ ಮಳೆಗೆ ಮಣ್ಣು ಕುಸಿದರೆ ಆ ಗುಡ್ಡದಲ್ಲಿ.

ಅಲ್ಲಿ ಒಂದೇ ಹೊತ್ತಿಗೆ ಹಲವು ಎಣಿಕೆ ಶುರುವಾದವು. ಬಾಂಗ್ಲಾದೇಶದ ಪಾಸ್‌ಪೋರ್ಟ್ ಇಲಾಖೆ ಒಬ್ಬೊಬ್ಬರ ಬೆರಳಚ್ಚು, ಫೋಟೋ ತೆಗೆದುಕೊಂಡಿತು. 2018ರ ಹೊತ್ತಿಗೆ ಆ ಪಟ್ಟಿ 11 ಲಕ್ಷ ದಾಟಿತ್ತು. ಸರ್ಕಾರದ ನಿರಾಶ್ರಿತರ ಆಯುಕ್ತರ ಕಚೇರಿ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಸೇರಿ ಗುಡಿಸಲಿಂದ ಗುಡಿಸಲಿಗೆ ಹೋಗಿ ಕುಟುಂಬಗಳನ್ನು ಎಣಿಸಿದವು. ಅದರ ಲೆಕ್ಕ 9 ಲಕ್ಷದ ಆಸುಪಾಸು. ವಲಸೆಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಇನ್ನೊಂದು ಸಂಸ್ಥೆ ಐಒಎಂ ಶಿಬಿರದ ಒಂದೊಂದು ಭಾಗದ, ಅಂದರೆ ಬ್ಲಾಕಿನ, ಮುಖಂಡರನ್ನು ಕೇಳಿ ಅಂದಾಜು ಮಾಡಿತು. ಇದರ ಜೊತೆಗೆ ಊಟದ ಸಾಮಾನು ಕೊಡುವವರ ಪಡಿತರ ಪಟ್ಟಿ ಬೇರೆ.

ನಿಮ್ಮ 9 ಮತ್ತು 11 ಲಕ್ಷ ಬಂದದ್ದು ಇಲ್ಲಿಂದ. ಬಂದವರನ್ನೆಲ್ಲ ಸೇರಿಸುತ್ತಾ ಹೋದ ಪಟ್ಟಿಯಲ್ಲಿ ಸತ್ತವರು, ಬೇರೆ ಕಡೆ ಹೋದವರು ತಾವಾಗಿ ಅಳಿಸಿಹೋಗುವುದಿಲ್ಲ. ಗುಡಿಸಲಿಗೇ ಹೋಗಿ ಎಣಿಸಿದರೆ ಅವತ್ತು ಅಲ್ಲಿದ್ದವರಷ್ಟೇ ಸಿಗುತ್ತಾರೆ. ಒಂದು ಶಾಲೆಯ ದಾಖಲಾತಿ ಪುಸ್ತಕ, ಇನ್ನೊಂದು ಅದೇ ಶಾಲೆಯ ಹಾಜರಿ. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ಆಗಲಿಲ್ಲ ಅಂದರೆ ಹೇಗೆ?

ಆ ಮುಖಂಡರ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಅವರನ್ನು ಮಾಝಿ ಅನ್ನುತ್ತಾರೆ. ಬಂಗಾಳಿಯಲ್ಲಿ ಆ ಪದಕ್ಕೆ ದೋಣಿ ನಡೆಸುವವ ಅಂತಲೂ ಅರ್ಥ. 2017ರ ಆ ಗದ್ದಲದಲ್ಲಿ ಹಂಚಿಕೆಗೆ ಯಾರಾದರೂ ಬೇಕಲ್ಲ ಅಂತ ಬಾಂಗ್ಲಾ ಸೇನೆ ಬ್ಲಾಕಿಗೊಬ್ಬ ಮಾಝಿಯನ್ನು ನಿಲ್ಲಿಸಿತು. ತನ್ನ ಬ್ಲಾಕಿನಲ್ಲಿ ಯಾರು ಬಂದರು, ಯಾರಿಗೆ ಹೆರಿಗೆ ಆಯಿತು, ಯಾರ ಗುಡಿಸಲು ಸೋರುತ್ತಿದೆ ಅಂತ ಅವನಿಗೆ ಗೊತ್ತು. ಅರ್ಧ ದಿನದಲ್ಲಿ ಇಡೀ ಶಿಬಿರದ ಅಂದಾಜು ಬೇಕಾದರೆ ಅವನನ್ನು ಬಿಟ್ಟರೆ ಗತಿಯಿಲ್ಲ. ಆದರೆ ಪಟ್ಟಿ ಬರೆಯುವವನ ಕೈಯಲ್ಲೇ ಪಟ್ಟಿಯಿಂದ ಹೆಸರು ಬಿಡುವ ಅಧಿಕಾರವೂ ಇರುತ್ತದೆ. ಕೆಲವು ಮಾಝಿಗಳು ದುಡ್ಡು ಕೇಳುತ್ತಾರೆ ಅನ್ನುವ ದೂರುಗಳು ಬಂದವು. ಮಾಝಿಗಳು ಬಹುತೇಕ ಗಂಡಸರೇ ಆದ್ದರಿಂದ, ರಾತ್ರಿ ಶೌಚಾಲಯಕ್ಕೆ ಹೋಗಲು ಹೆಣ್ಣುಮಕ್ಕಳು ಹೆದರುತ್ತಾರಾ ಅಂತ ಅವರನ್ನು ಕೇಳಿ ಪ್ರಯೋಜನ ಇಲ್ಲ. ಅದನ್ನು ಹೆಣ್ಣುಮಕ್ಕಳೇ ಹೋಗಿ ಹೆಣ್ಣುಮಕ್ಕಳನ್ನೇ ಕೇಳಬೇಕು.

ಸರಿ, ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನು ಮುಳುಗಿಹೋಗುತ್ತದೆ? ಪರಿಹಾರ ಕೆಲಸದಲ್ಲಿ ಎಲ್ಲರೂ ಒಪ್ಪಿದ ಕನಿಷ್ಠ ಅಳತೆಗಳಿವೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಒಬ್ಬರಿಗೆ ಮಾಡಿನ ಕೆಳಗೆ ಮೂರೂವರೆ ಚದರ ಮೀಟರ್ ಜಾಗ. ಒಂದು ಬ್ಲಾಕಿನಲ್ಲಿ 500 ಜನ ಇದ್ದು, ಪಟ್ಟಿ 400 ಅಂದರೆ ದಿನಾ 1,500 ಲೀಟರ್ ನೀರು ಕಡಿಮೆ ಬೀಳುತ್ತದೆ. ಐದು ಶೌಚಾಲಯ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಆ ಐದೇ ಕಾಲರಾಕ್ಕೆ ದಾರಿ ಮಾಡಿಕೊಡಬಹುದು.

ಹಾಗಾದರೆ ಈ ಹೊಂದಾಣಿಕೆ ಅಂದರೆ ನಿಜವಾಗಿ ಏನು ಮಾಡುತ್ತಾರೆ? ಹೊರಗಿನಿಂದ ನೋಡಿದರೆ ಬರೀ ಮೀಟಿಂಗು. ಒಳಗೆ ಮೊದಲ ಕೆಲಸವೇ ಜಾಗಕ್ಕೆ ಹೆಸರು ಕೊಡುವುದು. ಜನ ಗುಡ್ಡದ ಹೆಸರು ಹೇಳುತ್ತಾರೆ, ಬಜಾರಿನ ಹೆಸರು ಹೇಳುತ್ತಾರೆ, ಮಾಝಿಯ ಹೆಸರಲ್ಲಿ ಬ್ಲಾಕು ಗುರುತಿಸುತ್ತಾರೆ. ಮಾಝಿ ಬದಲಾದರೆ ಬ್ಲಾಕಿನ ಹೆಸರೂ ಹೋಯಿತು! ಅದಕ್ಕೇ ಶಿಬಿರಗಳಿಗೆ ನಂಬರು, ಗಡಿ, ‘ಸಿಎಕ್ಸ್‌ಬಿ’ ಅಂತ ಶುರುವಾಗುವ ಕೋಡು ಕೊಟ್ಟರು. ನೀರಿನವರೂ, ಆಸ್ಪತ್ರೆಯವರೂ, ಶಾಲೆಯವರೂ ಅದೇ ಕೋಡು ಬರೆದರೆ ಮಾತ್ರ ಒಬ್ಬರ ತಖ್ತೆ ಇನ್ನೊಬ್ಬರದಕ್ಕೆ ಕೂಡುತ್ತದೆ. ನೋಡಲು ಸಪ್ಪೆ ಕೆಲಸ. ಆದರೆ ಇದೊಂದು ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಆಮೇಲೆ ಪದಗಳು. ಕುಟುಂಬ ಅಂದರೆ ಒಂದೇ ಮಾಡಿನ ಕೆಳಗೆ ಇರುವವರಾ, ಒಂದೇ ಒಲೆಯಲ್ಲಿ ಉಣ್ಣುವವರಾ? ಬೆಳಗಾವಿಯ ಅಜ್ಜಿಯ ಪ್ರಶ್ನೆಯೇ ಅದು. ಯಾವುದಾದರೂ ಒಂದು ಅರ್ಥ ಇಟ್ಟುಕೊಳ್ಳಲಿ, ಎಲ್ಲರೂ ಅದನ್ನೇ ಇಟ್ಟುಕೊಳ್ಳಲಿ. ಮಕ್ಕಳ ವಯಸ್ಸನ್ನು ಎಲ್ಲಿ ಕತ್ತರಿಸಬೇಕು ಅನ್ನುವುದೂ ಹಾಗೇ. ಪೌಷ್ಟಿಕತೆ ನೋಡುವವರಿಗೆ ಐದು ವರ್ಷದೊಳಗಿನವರು ಬೇಕು, ಶಾಲೆಯವರಿಗೆ ಬೇರೆ ವಯಸ್ಸು.

ಮೂರನೆಯದು, ಯಾರು ಯಾವಾಗ ಎಲ್ಲಿ ಏನು ಕೇಳಲು ಹೋಗುತ್ತಿದ್ದಾರೆ ಅನ್ನುವ ಒಂದು ಕ್ಯಾಲೆಂಡರು. ಕಾಕ್ಸ್ ಬಜಾರ್‌ನಲ್ಲಿ ಎಲ್ಲ ಸಂಸ್ಥೆಗಳನ್ನು ಕೂಡಿಸುವ ಒಂದು ಸಮನ್ವಯ ಗುಂಪಿದೆ. ನೀರು, ಆಹಾರ, ಆರೋಗ್ಯ, ವಸತಿ ಎಲ್ಲದರ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ, ಸ್ಯಾಂಪಲ್ ಮನೆಗಳಿಗೆ ಹೋಗಿ ಕೇಳುವ ಜಂಟಿ ಸಮೀಕ್ಷೆಯನ್ನು ಅಲ್ಲಿ ಮಾಡುತ್ತಾರೆ. ಹೀಗೆ ಮಾಡಿದರೆ ಒಂದೇ ಗುಡಿಸಲಿಗೆ ಆರು ಜನ ಆರು ಟ್ಯಾಬ್ ಹಿಡಿದು ಹೋಗುವುದು ತಪ್ಪುತ್ತದೆ. ತಮ್ಮವರು ಸತ್ತ ಕಥೆಯನ್ನು ಮತ್ತೆ ಮತ್ತೆ ಅಪರಿಚಿತರ ಮುಂದೆ ಹೇಳಿಸಬಾರದು. ಅದು ಹಿಂಸೆ.

ಭಾಷೆಯನ್ನೂ ಮರೆಯಬಾರದು. ಪ್ರಶ್ನೆ ಹುಟ್ಟುವುದು ಇಂಗ್ಲಿಷಿನಲ್ಲಿ, ಟ್ಯಾಬಿನಲ್ಲಿ ಇರುವುದು ಬಂಗಾಳಿಯಲ್ಲಿ, ಕೇಳುವ ಹುಡುಗಿ ಆಡುವುದು ಚಿತ್ತಗಾಂಗಿನ ಮಾತು, ಉತ್ತರ ಬರುವುದು ರೋಹಿಂಗ್ಯಾದಲ್ಲಿ. ಕೊನೆಯ ಎರಡು ಮಾತು ಹತ್ತಿರದವು, ಆದರೆ ಒಂದೇ ಅಲ್ಲ. ಮೈಸೂರಿನವರು ಕುಂದಾಪುರಕ್ಕೆ ಹೋಗಿ ಕಾಯಿಲೆ ಕಸಾಲೆ ವಿಚಾರಿಸಿದರೆ ಎಷ್ಟು ತಪ್ಪರ್ಥ ಆಗಬಹುದು ಅಂತ ಯೋಚಿಸಿ, ಗೊತ್ತಾಗುತ್ತದೆ.

ಈಗ ‘ಒಂದೇ ಪಟ್ಟಿ’ಯ ಮಾತು. ರೋಹಿಂಗ್ಯಾ ಜನಕ್ಕೆ ಎಣಿಕೆ ಅನ್ನುವುದು ಹೊಸದಲ್ಲ. ರಖೈನ್‌ನಲ್ಲಿ ಅಧಿಕಾರಿಗಳು ಮನೆಗೇ ಬಂದು, ಮನೆಯವರನ್ನೆಲ್ಲ ನಿಲ್ಲಿಸಿ, ಪಟ್ಟಿಗೆ ತಾಳೆ ನೋಡುತ್ತಿದ್ದರು. 1982ರ ಪೌರತ್ವ ಕಾನೂನಿನಿಂದ ಅವರಲ್ಲಿ ಹೆಚ್ಚಿನವರಿಗೆ ಪೌರತ್ವವೇ ಇಲ್ಲದಾಯಿತು. 2014ರ ಜನಗಣತಿಯಲ್ಲಿ ‘ನಾನು ರೋಹಿಂಗ್ಯಾ’ ಅಂದವರನ್ನು ಎಣಿಸಲೇ ಇಲ್ಲ. ಅಂಥ ಜನರ ಮುಂದೆ ಹೋಗಿ ನಾವು ಟ್ಯಾಬ್ ಹಿಡಿಯುತ್ತೇವೆ.

2018ರ ಜೂನ್‌ನಲ್ಲಿ ಬಾಂಗ್ಲಾ ಸರ್ಕಾರ ಮತ್ತು ಯುಎನ್‌ಎಚ್‌ಸಿಆರ್ ಸೇರಿ ಹೊಸದಾಗಿ ಪರಿಶೀಲನೆ ಶುರು ಮಾಡಿದವು. 12 ವರ್ಷ ದಾಟಿದವರ ಬೆರಳಚ್ಚು, ಕಣ್ಣಿನ ಪಾಪೆಯ ಸ್ಕ್ಯಾನ್ ತೆಗೆದು ಸ್ಮಾರ್ಟ್ ಕಾರ್ಡು ಕೊಡುವ ಯೋಜನೆ. ಲೆಕ್ಕದ ಗೊಂದಲ ಕಡಿಮೆ ಮಾಡಲು ಅದು ನಿಜಕ್ಕೂ ಬೇಕಿತ್ತು. ಆದರೆ ನವೆಂಬರ್‌ನಲ್ಲಿ ನಿರಾಶ್ರಿತರು ಮುಷ್ಕರ ಹೂಡಿದರು. ಕಾರ್ಡಿನಲ್ಲಿ ರೋಹಿಂಗ್ಯಾ ಅನ್ನುವ ಪದ ಇಲ್ಲ, ನಮ್ಮ ವಿವರ ಮ್ಯಾನ್ಮಾರ್‌ಗೆ ಹೋದರೆ ಏನು ಗತಿ ಅನ್ನುವುದು ಅವರ ಭಯ. 2021ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಒಂದು ವರದಿ ಹೊರತಂದಿತು. ಬಾಂಗ್ಲಾದೇಶ ಕನಿಷ್ಠ 8.3 ಲಕ್ಷ ಜನರ ಹೆಸರುಗಳನ್ನು ಮ್ಯಾನ್ಮಾರ್‌ಗೆ ಕೊಟ್ಟಿದೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇರಲಿಲ್ಲ ಅಂತ ಅದರಲ್ಲಿತ್ತು. ಪ್ರತಿಯೊಬ್ಬರಿಗೂ ವಿವರಿಸಿ, ಒಪ್ಪಿಗೆ ಪಡೆದೇ ಮಾಡಿದ್ದೇವೆ ಅಂತ ಯುಎನ್‌ಎಚ್‌ಸಿಆರ್ ಉತ್ತರ ಕೊಟ್ಟಿತು.

ಆದರೆ ಈ ಒಪ್ಪಿಗೆಯ ಬಗ್ಗೆ ನನಗೆ ಒಂದು ಸಂಕಟ ಇದೆ. ಅಕ್ಕಿ ಸಿಗುವ ಕಾರ್ಡಿಗಾಗಿ ಸಾಲಿನಲ್ಲಿ ನಿಂತ ತಾಯಿಗೆ, ಮಗು ಕಂಕುಳಲ್ಲಿ ಇರುವಾಗ, ಮೇಜಿನ ಆಚೆ ಕೂತವರು “ನಿಮ್ಮ ವಿವರ ಹಂಚಿಕೊಳ್ಳಬಹುದಾ?” ಅಂತ ಕೇಳಿದರೆ ಅವಳು ಇಲ್ಲ ಅನ್ನಲು ಸಾಧ್ಯವಾ? ಇಲ್ಲ ಅಂದರೂ ಅಕ್ಕಿ ತಪ್ಪುವುದಿಲ್ಲ ಅಂತ ಅವಳಿಗೆ ಅರ್ಥ ಆಗುವ ಮಾತಿನಲ್ಲಿ, ನಂಬಿಕೆ ಬರುವ ಹಾಗೆ ಹೇಳಿರಬೇಕು. ಹಾಗೆ ಹೇಳದಿದ್ದರೆ ಅದನ್ನು ಒಪ್ಪಿಗೆ ಅನ್ನಲಾರೆ.

ಹಾಗಾಗಿ ನಾನು ಹೇಳುವುದು ಇಷ್ಟು. ಸಂಖ್ಯೆ ಹಂಚಿಕೊಳ್ಳಿ, ಹೆಸರು ಹಂಚಿಕೊಳ್ಳಬೇಡಿ. ಈ ಬ್ಲಾಕಿನಲ್ಲಿ ಇಷ್ಟು ಜನ, ಐದು ವರ್ಷದೊಳಗಿನ ಮಕ್ಕಳು ಇಷ್ಟು, ನಡೆಯಲಾಗದವರು ಇಷ್ಟು ಅಂತ ಗೊತ್ತಾದರೆ ಬೋರ್‌ವೆಲ್ ತೋಡುವವರಿಗೆ ಸಾಕು. ಅವರಿಗೆ ಯಾರ ಬೆರಳಚ್ಚೂ ಬೇಡ. ಹೆಸರಿನ ಪಟ್ಟಿ ಯಾರ ಕೆಲಸಕ್ಕೆ ಅದು ಬೇಕೇ ಬೇಕೋ ಅವರಲ್ಲಿ ಮಾತ್ರ ಇರಲಿ, ಬೀಗ ಹಾಕಿ ಇರಲಿ. ಯಾವ ಪ್ರಶ್ನೆಯ ಉತ್ತರದಿಂದ ಏನೂ ಮಾಡಲಾರೆವೋ ಆ ಪ್ರಶ್ನೆಯನ್ನು ಕೇಳುವುದೇ ಬೇಡ.

ಬ್ಲಾಕಿನ ಲೆಕ್ಕ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ದಿನ ನೆನಪಾಗುತ್ತದೆ, 2021ರ ಮಾರ್ಚ್ 22. ಕುಟುಪಾಲಂಗ್ ಕಡೆಯ ಶಿಬಿರಗಳಿಗೆ ಬೆಂಕಿ ಹತ್ತಿ, ಸುಮಾರು 45,000 ಜನರ ತಲೆ ಮೇಲಿನ ಸೂರು ಹೋಯಿತು. ಎಲ್ಲಿ ಸುಟ್ಟಿದೆ ಅಂತ ಉಪಗ್ರಹ ಚಿತ್ರದಲ್ಲಿ ಕಾಣುತ್ತದೆ. ಆ ಬೂದಿ ಇದ್ದ ಜಾಗದಲ್ಲಿ ಎಷ್ಟು ಬಾಣಂತಿಯರಿದ್ದರು, ಎಷ್ಟು ಕೈಕೂಸುಗಳಿದ್ದವು ಅಂತ ಕಾಣುವುದಿಲ್ಲ. ಜನ ರಾತ್ರೋರಾತ್ರಿ ಬೇರೆ ಬ್ಲಾಕಿನ ನೆಂಟರ ಗುಡಿಸಲು ಸೇರಿದ ಮೇಲೆ, ಕೈಗೆ ಸಿಗುವ ಆಧಾರ ಬೆಂಕಿಗೆ ಮುಂಚಿನ ಆ ಲೆಕ್ಕ ಒಂದೇ.

ಇನ್ನು, ಯಾವ ಸಂಖ್ಯೆ ನಂಬಬೇಕು? ಅದರ ಪಕ್ಕದಲ್ಲಿರುವ ತಾರೀಕು ನೋಡಿ. ಎಣಿಸಿದ್ದು ಜನರನ್ನಾ, ಕುಟುಂಬಗಳನ್ನಾ ನೋಡಿ. ಯಾರನ್ನು ಕೇಳಿ ಬರೆದರು ಅಂತಲೂ ನೋಡಿ. ತೀರಾ ಈಚಿನ ಉದಾಹರಣೆ ಕೊಡುತ್ತೇನೆ. ರಖೈನ್‌ನಲ್ಲಿ ಮತ್ತೆ ಕದನ ಹೆಚ್ಚಿದ ಮೇಲೆ, 2025ರ ಮಧ್ಯದವರೆಗಿನ ಒಂದೂವರೆ ವರ್ಷದಲ್ಲಿ ಸುಮಾರು 1.5 ಲಕ್ಷ ಜನ ಹೊಸದಾಗಿ ಕಾಕ್ಸ್ ಬಜಾರ್ ಶಿಬಿರಗಳಿಗೆ ಬಂದರು ಅಂತ ಯುಎನ್‌ಎಚ್‌ಸಿಆರ್ ಹೇಳಿತು. ಅದೇ ಹೇಳಿಕೆಯಲ್ಲಿ, ಬಯೊಮೆಟ್ರಿಕ್ ಗುರುತು ಆದವರು ಸುಮಾರು 1.21 ಲಕ್ಷ ಅಂತಲೂ ಇತ್ತು. ಎರಡೂ ಸರಿಯಾದ ಸಂಖ್ಯೆಗಳೇ. ನಡುವೆ ಇರುವ ಸುಮಾರು 29,000 ಜನ ಆ ಗುರುತಿನ ಪಟ್ಟಿಗೆ ಸೇರದೆ, ಬಹುಶಃ ಯಾರದೋ ನೆಂಟರ ಗುಡಿಸಲಿನಲ್ಲಿ, ಅವರಿಗೆ ಬಂದ ಅಕ್ಕಿಯಲ್ಲೇ ಪಾಲು ಉಣ್ಣುತ್ತಿದ್ದರು.