ಎದಿಬಡಿತದ ಗುಳಿಗಿಯಿಂದ ಥೈರಾಯ್ಡ್ ಏರತದೇನ್ರಿ?

ಪ್ರಶ್ನೆ: ನಮ್ಮ ಅಪ್ಪಾರಿಗೆ 68 ವರ್ಷ. ಎದಿಬಡಿತ ಏರುಪೇರಾಗಿ ಎರಡು ವರ್ಷದಿಂದ ಅಮಿಯೊಡರೋನ್ ಗುಳಿಗಿ ತಗೋತಾರ. ಈಗ ಮೂರು ತಿಂಗಳಾತು, ಊಟ ಚಲೋ ಮಾಡ್ತಾರ, ಮೈ ಮಾತ್ರ ಇಳದದ. ಬಶಿಯೊಳಗ ಚಹಾ ಹಾಕ್ಕೊಂಡ್ರ ಬಾಯಿಗೆ ಮುಟ್ಟೂದ್ರೊಳಗ ಅರ್ಧ ಧೋತರದ ಮ್ಯಾಲೆ. ತಪಾಸಣಿ ಮಾಡಿ ಥೈರಾಯ್ಡ್ ಹೆಚ್ಚಾಗೇದ ಅಂದ್ರು. ಗುಳಿಗಿಯಿಂದ ಹಿಂಗಾಗತದೇನ್ರಿ? ಅಯೋಡಿನ್ ಉಪ್ಪು ಬಿಡಿಸಬೇಕೇನು?
– ಇಂಡಿ ತಾಲ್ಲೂಕಿನ ಓದುಗರು

ಉತ್ತರ: ಆಗುತ್ತದೆ. ಉಪ್ಪಿನ ಡಬ್ಬಿ ಎತ್ತಿಡುವ ಮೊದಲು ಒಂದು ಲೆಕ್ಕ ನೋಡಿ. 200 ಮಿಲಿಗ್ರಾಂನ ಒಂದು ಅಮಿಯೊಡರೋನ್ ಗುಳಿಗೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಇರುವ ಉಪ್ಪಾದರೆ ಅದು 5 ಕಿಲೋಕ್ಕೆ ಸಮ! ಅಷ್ಟೂ ಒಮ್ಮೆಲೇ ಬಿಡುಗಡೆಯಾಗುವುದಿಲ್ಲ, ನಿಜ. ಆದರೂ ದಿನಕ್ಕೆ ಆರು ಮಿಲಿಗ್ರಾಂನಷ್ಟು ರಕ್ತಕ್ಕೆ ಸೇರುತ್ತದೆ. ದೊಡ್ಡವರಿಗೆ ಬೇಕಾದದ್ದು 150 ಮೈಕ್ರೋಗ್ರಾಂ, ಅಂದರೆ ಇದು 40 ಪಟ್ಟು. ಪಲ್ಯದ ಚಿಟಿಕೆ ಉಪ್ಪು ಇಲ್ಲಿ ಲೆಕ್ಕಕ್ಕೇ ಇಲ್ಲ.

ತೊಂದರೆ ಎರಡು ದಾರಿಯಲ್ಲಿ ಬರುತ್ತದೆ. ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಮೊದಲೇ ಗಂಟು ಇದ್ದವರಲ್ಲಿ ಸಿಕ್ಕ ಅಯೋಡಿನ್ನನ್ನೆಲ್ಲ ಬಳಸಿ ಗ್ರಂಥಿ ಹಾರ್ಮೋನ್ ಮಾಡುತ್ತಲೇ ಹೋಗುತ್ತದೆ. ಉಳಿದವರಲ್ಲಿ ಔಷಧ ಗ್ರಂಥಿಯನ್ನೇ ಘಾಸಿಗೊಳಿಸಿ, ಕೂಡಿಟ್ಟ ಹಾರ್ಮೋನ್ ರಕ್ತಕ್ಕೆ ಸೋರುತ್ತದೆ. ಮೊದಲನೆಯದಕ್ಕೆ ಹಾರ್ಮೋನ್ ತಯಾರಿ ತಗ್ಗಿಸುವ ಕಾರ್ಬಿಮಜೋಲ್‌ನಂಥ ಔಷಧ, ಎರಡನೆಯದಕ್ಕೆ ಸ್ಟೆರಾಯ್ಡ್. ಯಾವುದೆಂದು ತಿಳಿಯಲು ಡಾಕ್ಟರು ಗ್ರಂಥಿಯ ರಕ್ತದ ಹರಿವು ತೋರಿಸುವ ಗಂಟಲಿನ ಡಾಪ್ಲರ್ ಸ್ಕ್ಯಾನ್ ಬರೆದುಕೊಡಬಹುದು. ಎರಡೂ ಕಲೆತಿರುವುದೂ ಉಂಟು.

ನಮ್ಮ ಕಡೆ ಇದು ತಡವಾಗಿ ಗೊತ್ತಾಗುವುದು ಸಹಜ. ಏಪ್ರಿಲ್‌ನಲ್ಲಿ ವಿಜಯಪುರದಲ್ಲಿ ಬೆವರಿದರೆ ಥೈರಾಯ್ಡ್ ಅಂತ ಯಾರು ಅಂದುಕೊಂಡಾರು? ಎದೆ ಡವಡವ ಅಂದರೆ ಹಳೇ ರೋಗ ಮರಳಿತು ಅನ್ನುತ್ತೇವೆ. ಇನ್ನು ರಿಪೋರ್ಟಿನಲ್ಲಿ ಟಿಎಸ್ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನ್) ಕಡಿಮೆ ಎಂದಿದ್ದರೆ ಥೈರಾಯ್ಡ್ ಕಡಿಮೆಯಾಗಿದೆ ಎಂದು ತಿಳಿಯಬೇಡಿ, ಸಾಮಾನ್ಯವಾಗಿ ಅರ್ಥ ಉಲ್ಟಾ. ಅಮಿಯೊಡರೋನ್ ಶುರುಮಾಡುವ ಮೊದಲೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ ಆಗಬೇಕು.

ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಡಿತ ಹಿಡಿತ ತಪ್ಪಿದರೆ ಜೀವಕ್ಕೇ ಅಪಾಯ. ನಿಲ್ಲಿಸಿದರೂ ಅದು ಕೊಬ್ಬಿನಲ್ಲಿ ಅಡಗಿ ತಿಂಗಳುಗಟ್ಟಲೆ ಮೈಯಲ್ಲೇ ಇರುತ್ತದೆ. ಹೃದಯದ ಡಾಕ್ಟರು, ಥೈರಾಯ್ಡ್ ಡಾಕ್ಟರು ಇಬ್ಬರೂ ಕೂಡಿ ತೀರ್ಮಾನಿಸಲಿ. ಅಪ್ಪಾರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಗುಳಿಗೆ ಸಹ ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ. ಥೈರಾಯ್ಡ್ ಏರಿದಾಗ ವಾರ್ಫರಿನ್‌ನ ಪ್ರಭಾವ ಹೆಚ್ಚಿ ರಕ್ತಸ್ರಾವ ಆಗಬಹುದು. ಹೋಗುವಾಗ ಗುಳಿಗೆಯ ಪಟ್ಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಉಸಿರು ಕಟ್ಟಿದರೆ, ಜ್ವರ ಬಂದು ಬಡಬಡಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಆಗಲೇ ದವಾಖಾನೆಗೆ ಕರೆದುಕೊಂಡು ಹೋಗಿ.