ನಾರ್ವೆಯಲ್ಲಿ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದೇ?

ಓದುಗರ ಪ್ರಶ್ನೆ: ಬರುವ ಜುಲೈಯಲ್ಲಿ ನಾವು ಮೂವರು ಗೆಳೆಯರು ನಾರ್ವೆಗೆ ಹೊರಟಿದ್ದೇವೆ. ಹೋಟೆಲ್ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಅಲ್ಲಿ ಯಾರ ಅಪ್ಪಣೆಯೂ ಇಲ್ಲದೆ, ಬಾಡಿಗೆಯನ್ನೂ ಕೊಡದೆ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಂತೆ. ನಿಜವೇ?

ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಇಲ್ಲಿಂದಲೇ ತಿಳಿದುಕೊಂಡು ಹೋಗಿ.

ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೊರಡುವ ನಮಗೆ ಇದು ನಂಬುವ ಮಾತೇ ಅಲ್ಲ ಅನ್ನಿಸುತ್ತದೆ. ನಾರ್ವೆಯವರು ಇದನ್ನು ‘ಅಲ್ಲೆಮನ್ಸ್‌ರೆಟ್ಟೆನ್’ ಅನ್ನುತ್ತಾರೆ. ಎಲ್ಲರ ಹಕ್ಕು ಎಂದರ್ಥ. ಬೆಟ್ಟ, ಕಾಡು, ಕೆರೆದಂಡೆಯಲ್ಲಿ ಯಾರು ಬೇಕಾದರೂ ಓಡಾಡಬಹುದು ಎಂಬ ಹಳೆಯ ವಾಡಿಕೆಗೆ 1957ರಲ್ಲಿ ಕಾನೂನಿನ ರೂಪ ಬಂತು. ಈ ಹಕ್ಕು ನಾರ್ವೆಯ ಪ್ರಜೆಗಳಿಗೆ ಎಷ್ಟಿದೆಯೋ ಪ್ರವಾಸಕ್ಕೆ ಹೋದ ನಿಮಗೂ ಅಷ್ಟೇ ಇದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ನಮ್ಮ ಗೋಮಾಳದ ಹಾಗೆ ಅದೆಲ್ಲ ಸರ್ಕಾರಿ ಜಾಗ ಎಂದು ಬಹಳ ಮಂದಿ ಅಂದುಕೊಂಡಿರುತ್ತಾರೆ. ಹಾಗಲ್ಲ. ನೀವು ಟೆಂಟ್ ಬಿಚ್ಚುವ ಜಾಗ ಯಾವುದೋ ರೈತನ ಹೆಸರಿನಲ್ಲಿರುವ ಕಾಡೂ ಆಗಿರಬಹುದು. ಅವನ ಒಡೆತನ ಅವನಿಗೇ ಇರುತ್ತದೆ, ಹಾದುಹೋಗುವ, ಒಂದೆರಡು ರಾತ್ರಿ ತಂಗುವ ಹಕ್ಕು ನಿಮಗೂ ಇರುತ್ತದೆ. ಎರಡೂ ಒಂದೇ ನೆಲದಲ್ಲಿ ಜಗಳವಿಲ್ಲದೆ ಬಾಳುವಂತೆ ಕಾನೂನು ನೆಲವನ್ನು ಎರಡಾಗಿ ವಿಂಗಡಿಸಿದೆ. ಉಳುವ ಹೊಲ, ಹುಲ್ಲು ಬೆಳೆಯುವ ಗದ್ದೆ, ಮನೆಯಂಗಳ ಇವು ‘ಇನ್‌ಮಾರ್ಕ್’. ಬೆಟ್ಟ, ಕಾಡು, ಜೌಗು, ಬಂಡೆಗಳ ಕರಾವಳಿ ‘ಉತ್‌ಮಾರ್ಕ್’. ಟೆಂಟ್ ಹಾಕುವ ಹಕ್ಕಿರುವುದು ಉತ್‌ಮಾರ್ಕ್‌ನಲ್ಲಿ. ಇನ್‌ಮಾರ್ಕ್‌ನ ಹೊಲಗಳಿಗೆ ಏಪ್ರಿಲ್ 30ರಿಂದ ಅಕ್ಟೋಬರ್ 14ರವರೆಗೆ ಕಾಲಿಡುವುದಕ್ಕೂ ಹಕ್ಕಿಲ್ಲ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದಾಗ ಅಥವಾ ಹಿಮ ಮುಚ್ಚಿದಾಗ ಮಾತ್ರ ದಾಟಬಹುದು. ಜುಲೈಯಲ್ಲಿ ಹಸಿರು ಚಾಪೆಯಂತೆ ಮೆತ್ತಗೆ ಕಾಣುವ ಬಯಲು ಅಲ್ಲಿಯ ರೈತ ತನ್ನ ದನಕರು, ಕುರಿಗಳಿಗೆ ಚಳಿಗಾಲಕ್ಕೆಂದು ಬೆಳೆಸುತ್ತಿರುವ ಮೇವು. ಅದರ ಮೇಲೆ ಟೆಂಟ್ ಹಾಕುವುದೂ ನಮ್ಮೂರಲ್ಲಿ ಪೈರಿನ ನಡುವೆ ಚಾಪೆ ಹಾಸುವುದೂ ಒಂದೇ.

ಉತ್‌ಮಾರ್ಕ್‌ನಲ್ಲೂ ಎರಡು ಲೆಕ್ಕ ನೆನಪಿಡಿ. ಜನ ವಾಸವಿರುವ ಮನೆ ಅಥವಾ ಕ್ಯಾಬಿನ್‌ನಿಂದ ಕನಿಷ್ಠ 150 ಮೀಟರ್ ದೂರ, ಒಂದೇ ಜಾಗದಲ್ಲಿ ಹೆಚ್ಚೆಂದರೆ ಎರಡು ರಾತ್ರಿ. ಅದಕ್ಕಿಂತ ಹೆಚ್ಚು ಉಳಿಯಬೇಕಾದರೆ ಜಮೀನಿನವರನ್ನು ಕೇಳಿ. ಎತ್ತರದ ಬೆಟ್ಟ ಮತ್ತು ಜನವಸತಿಯಿಂದ ಬಹುದೂರದ ಜಾಗಗಳಿಗೆ ಈ ಎರಡು ರಾತ್ರಿಯ ಮಿತಿ ಇಲ್ಲ. ಜನ ಮುಗಿಬೀಳುವ ಕಡೆ ಸ್ಥಳೀಯ ಆಡಳಿತ ಟೆಂಟ್ ನಿಷೇಧಿಸಿರುವುದೂ ಉಂಟು. ಲೋಫೋಟೆನ್ ದ್ವೀಪಗಳಲ್ಲಿ ಇಂಥ ಬೋರ್ಡು ಕಂಡರೆ ವಾದಿಸದೆ ಮುಂದೆ ನಡೆಯಿರಿ. ಇನ್ನೊಂದು ವಿಷಯ, ಈ ಹಕ್ಕು ಕಾಲ್ನಡಿಗೆ, ಸ್ಕೀ, ದೋಣಿಯವರದು. ಕಾರನ್ನು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಇಳಿಸುವ ಹಾಗಿಲ್ಲ.

ಬೆಂಕಿಯ ವಿಷಯ ಇನ್ನೂ ಬಿಗಿ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಮತ್ತು ಕಾಡಿನ ಹತ್ತಿರ ಬಯಲಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಸಮುದ್ರದಂಡೆಯ ಬಂಡೆಯಂತೆ ಬೆಂಕಿ ಹಬ್ಬಲು ಸಾಧ್ಯವೇ ಇಲ್ಲದ ಕಡೆಗೆ, ಅದಕ್ಕೆಂದೇ ಗೊತ್ತುಮಾಡಿದ ಜಾಗಗಳಿಗೆ ವಿನಾಯಿತಿ ಇದೆ. ನೀವು ಹೋಗುವುದು ಜುಲೈಯಲ್ಲಿ, ಹಾಗಾಗಿ ಸಣ್ಣ ಗ್ಯಾಸ್ ಸ್ಟವ್ ಬೇಕೇ ಬೇಕು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಯಾವ ಬ್ಯಾಗಿನಲ್ಲೂ ಒಯ್ಯಲು ಬಿಡುವುದಿಲ್ಲ, ಅಲ್ಲಿಗೆ ಹೋಗಿ ಕೊಳ್ಳಿ. ಇಲ್ಲಿಂದ ಅವಲಕ್ಕಿ, ಹುರಿದ ರವೆ ಒಯ್ದರೆ ಬೆಟ್ಟದಲ್ಲಿ ಅವುಗಳ ಬೆಲೆ ಗೊತ್ತಾಗುತ್ತದೆ.

ಹಣ್ಣು ಕೀಳಬಹುದೇ? ಧಾರಾಳವಾಗಿ. ಬೆಟ್ಟದ ಬ್ಲೂಬೆರಿ ಕಿತ್ತು ತಿಂದು ನಾಲಿಗೆ ನೀಲಿಯಾಗದೆ ನಾರ್ವೆಯಿಂದ ಬರಬಾರದು. ಜೌಗಿನಲ್ಲಿ ಬೆಳೆಯುವ ಚಿನ್ನದ ಬಣ್ಣದ ಹಣ್ಣು ‘ಮುಲ್ಟೆ’ಯ ವಿಷಯದಲ್ಲಿ ಮಾತ್ರ ಜಾಗ್ರತೆ. ಉತ್ತರದ ಜಿಲ್ಲೆಗಳಲ್ಲಿ ಜಮೀನಿನವರು ಬೇಡವೆಂದರೆ ಕಿತ್ತು ಮನೆಗೆ ಒಯ್ಯುವಂತಿಲ್ಲ, ನಿಂತಲ್ಲೇ ತಿನ್ನಬಹುದು! ಸಮುದ್ರದಲ್ಲಿ ಗಾಳ ಹಾಕಲು ಪರವಾನಗಿ ಬೇಡ, ಕೆರೆ–ಹೊಳೆಗಳಲ್ಲಿ ಬೇಕು.

ಟೆಂಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಹಾರ್ಡಾಂಗರ್‌ವಿದ್ದ ಎಂಬ ಪ್ರಸ್ಥಭೂಮಿಯಲ್ಲಿ ಎರಡು ರಾತ್ರಿ ಟೆಂಟಿನಲ್ಲಿ ಕಳೆದು ಮೂರನೆಯ ದಿನ ಅಡ್ಡಮಳೆಗೆ ಸಿಕ್ಕಿದ್ದೆವು. ಮರವೇ ಇಲ್ಲದ ಆ ಬಯಲಿನಲ್ಲಿ ಮರೆಗೆ ನಿಲ್ಲಲು ಏನೂ ಇಲ್ಲ. ಬಂಡೆಗಳ ಮೇಲೆ ಬಳಿದ ಕೆಂಪು ‘ಟಿ’ ಗುರುತು ಹಿಡಿದು ನಡೆಯುತ್ತ ಸಂಜೆ ಒಂದು ಮರದ ಕ್ಯಾಬಿನ್ ಸೇರಿದೆವು. 1868ರಲ್ಲಿ ಶುರುವಾದ ನಾರ್ವೆಯ ಟ್ರೆಕ್ಕಿಂಗ್ ಸಂಘ ದೇಶದುದ್ದಕ್ಕೂ ಇಂಥ 500ಕ್ಕೂ ಹೆಚ್ಚು ಕ್ಯಾಬಿನ್‌ಗಳನ್ನು ನಡೆಸುತ್ತದೆ, ಹಲವಕ್ಕೆ ಕಾವಲುಗಾರನೇ ಇಲ್ಲ. ಸದಸ್ಯರಾದವರಿಗೆ ಬೀಗದ ಕೈ ಸಿಗುತ್ತದೆ. ಒಳಗೆ ಸೌದೆ ಒಲೆ, ಪಕ್ಕದಲ್ಲಿ ಒಪ್ಪವಾಗಿ ಜೋಡಿಸಿದ ಸೌದೆ, ಹಾಸಿಗೆ, ಕಂಬಳಿ. ಉಗ್ರಾಣದಲ್ಲಿ ಓಟ್ಸ್, ಒಣ ರೊಟ್ಟಿ, ಸೂಪಿನ ಪೊಟ್ಟಣ, ಡಬ್ಬಿಯಲ್ಲಿ ಹಣ್ಣು. ಗೋಡೆಯ ಮೇಲೆ ದರಪಟ್ಟಿ. ತೆಗೆದುಕೊಂಡದ್ದನ್ನು ನಾವೇ ಬರೆದು, ನಾವೇ ಕೂಡಿಸಿ, ನಾವೇ ಹಣ ಕಟ್ಟಬೇಕು. ಕೇಳುವವರು ಒಬ್ಬರೂ ಇಲ್ಲ. ನಮಗಿಂತ ಮೊದಲೇ ಬಂದಿದ್ದ ವಯಸ್ಸಾದ ದಂಪತಿ ಬೆಳಿಗ್ಗೆ ಹೊರಡುವ ಮುನ್ನ ನೆಲ ಗುಡಿಸಿ, ಹೊಳೆಯಿಂದ ಎರಡು ಬಕೆಟ್ ನೀರು ತಂದಿಟ್ಟು, ಒಲೆಯ ಪಕ್ಕ ಖಾಲಿಯಾಗಿದ್ದ ಸೌದೆಯನ್ನು ಸೀಳಿ ತುಂಬಿಸಿದರು. ಅವರು ಉರಿಸಿದ್ದಕ್ಕಿಂತ ಹೆಚ್ಚೇ ಇತ್ತು. ನಾನು ಸುಮ್ಮನೆ ನೋಡುತ್ತ ನಿಂತವನು ಆಮೇಲೆ ಕೊಡಲಿ ಕೈಗೆತ್ತಿಕೊಂಡೆ.

ಟೆಂಟ್ ಹಾಕಿದ ಕಡೆಯೂ ಅದೇ ರೀತಿ. ಕಸವನ್ನೆಲ್ಲ ಹೊತ್ತು ತನ್ನಿ. ಬಯಲಿಗೆ ಹೋಗುವುದು ನೀರಿನಿಂದ ದೂರ ಇರಲಿ, ಗುಣಿ ತೋಡಿ ಮುಚ್ಚಿ. ಆ ನೀರನ್ನು ಕೆಳಗೆ ಯಾರೋ ನೇರವಾಗಿ ಬೊಗಸೆಯಲ್ಲಿ ಮೊಗೆದು ಕುಡಿಯುತ್ತಿರುತ್ತಾರೆ.

ನಿಮ್ಮ ಪಟ್ಟಿಯಲ್ಲಿ ಟ್ರೋಲ್‌ತುಂಗಾ ಇದ್ದೇ ಇರುತ್ತದೆ, ಅದಕ್ಕೇ ಹೇಳುತ್ತೇನೆ. ಫೋಟೊದಲ್ಲಿ ಕಾಣುವ ಆ ಬಂಡೆಯ ನಾಲಿಗೆಗೆ ಶೆಗ್ಗೆದಾಲ್‌ನಿಂದ ಹೋಗಿಬರಲು ಸುಮಾರು 27 ಕಿಲೋಮೀಟರ್, 10ರಿಂದ 12 ಗಂಟೆ ಬೇಕು. ಮೊದಲ ಸಲಕ್ಕೆ, ಹೋಗಿಬರಲು 8 ಕಿಲೋಮೀಟರಿನ ಪ್ರೆಕೆಸ್ತೋಲೆನ್ ಎಂಬ ಕಡಿದಾದ ಬಂಡೆ ಒಳ್ಳೆಯದು. ಅದರ ತುದಿಯಿಂದ 604 ಮೀಟರ್ ಕೆಳಗೆ, ಬೆಟ್ಟಗಳ ನಡುವೆ ಚಾಚಿದ ಕಡಲಿನ ಕವಲು ಲೀಸೆಫ್ಯೋರ್ಡ್‌ನ ನೀರು ಕಾಣುತ್ತದೆ. ಆ ದಾರಿಯ ಕಲ್ಲುಗಳನ್ನು ಜೋಡಿಸಿದವರಲ್ಲಿ ನೇಪಾಳದಿಂದ ಬಂದ ಶೆರ್ಪಾಗಳೂ ಇದ್ದರು.

1967ರ ಈಸ್ಟರ್ ರಜೆಯಲ್ಲಿ ನಾರ್ವೆಯ ಬೆಟ್ಟಗಳಲ್ಲಿ 18 ಮಂದಿ ಸತ್ತರು. ಅಲ್ಲಿಂದ ಮುಂದೆ ಮಕ್ಕಳ ಬಾಯಲ್ಲೂ ನಿಂತಿರುವ ಬೆಟ್ಟದ ಒಂಬತ್ತು ನಿಯಮಗಳಲ್ಲಿ ಒಂದು, ಹೊತ್ತಿರುವಾಗಲೇ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬುದು. ಬೆಳಿಗ್ಗೆ ಹವಾಮಾನ ನೋಡಿಯೇ ಹೊರಡಿ. ಜುಲೈಯಲ್ಲೂ ಎತ್ತರದ ದಾರಿಗಳಲ್ಲಿ ಹಿಮ ಉಳಿದಿರುತ್ತದೆ, ಉಣ್ಣೆಯ ಒಳಬಟ್ಟೆ ಮತ್ತು ಮಳೆಗೆ ಗಟ್ಟಿ ಜಾಕೆಟ್ ಇಲ್ಲದೆ ಹೋಗಬೇಡಿ. ಕಣ್ಣಿಗೆ ಕಟ್ಟಿಕೊಳ್ಳಲು ಒಂದು ಕಪ್ಪು ಪಟ್ಟಿಯೂ ಬ್ಯಾಗಿನಲ್ಲಿರಲಿ, ಬರ್ಗೆನ್‌ನಂಥ ದಕ್ಷಿಣದ ಊರಲ್ಲೇ ಆಗ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಸುಮಾರಿಗೆ.